ಮೊದಲು ವ್ಯತ್ಯಾಸ, ಆಮೇಲೆ ಆಯ್ಕೆ: ಜೀವಿಗಳ ಹೊಂದಾಣಿಕೆಯ ಲೆಕ್ಕ

"ಜೀವಿಗಳು ಪರಿಸರಕ್ಕೆ ಹೊಂದಿಕೊಳ್ಳುತ್ತವೆ" ಎಂಬ ವಾಕ್ಯವನ್ನು ಶಾಲೆಯಲ್ಲಿ ಓದದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ವಾಕ್ಯದಲ್ಲಿ ತಪ್ಪಿಲ್ಲ, ಆದರೆ ಅದರ ಕ್ರಿಯಾಪದ ದಾರಿ ತಪ್ಪಿಸುತ್ತದೆ. 'ಹೊಂದಿಕೊಳ್ಳುವುದು' ಎಂದ ಕೂಡಲೇ ಒಂದು ಪ್ರಾಣಿ, ಅದಕ್ಕೆ ಬಂದ ಕಷ್ಟ, ಆ ಕಷ್ಟಕ್ಕೆ ತಕ್ಕಂತೆ ಅದು ತನ್ನ ಮೈಯನ್ನು ತಾನೇ ತಿದ್ದಿಕೊಂಡ ಚಿತ್ರ ಕಣ್ಣಮುಂದೆ ಬರುತ್ತದೆ. ಜೀವವಿಕಾಸದಲ್ಲಿ ಬದಲಾಗುವುದು ಎಣಿಕೆ. ಒಂದು ಸಮೂಹದಲ್ಲಿ ಈ ಬಗೆಯವು ಎಷ್ಟು, ಆ ಬಗೆಯವು ಎಷ್ಟು ಎಂಬ ಲೆಕ್ಕ ತಲೆಮಾರಿನಿಂದ ತಲೆಮಾರಿಗೆ ಸರಿಯುತ್ತಾ ಹೋಗುತ್ತದೆ. ಇವತ್ತಿನ ಮಾತು ಪೂರ್ತಿ ಆ ಲೆಕ್ಕದ ಬಗ್ಗೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಸಮುದ್ರಮಟ್ಟದಲ್ಲಿ ಬೆಳೆದ ವ್ಯಕ್ತಿಯೊಬ್ಬ 4,000 ಮೀಟರ್ ಎತ್ತರಕ್ಕೆ ಹೋಗಿ ಉಳಿದ ಎಂದುಕೊಳ್ಳಿ. ಅಲ್ಲಿ ಗಾಳಿಯಲ್ಲಿ ಸಿಗುವ ಆಮ್ಲಜನಕದ ಒತ್ತಡ ಕೆಳಗಿನದರ ಸುಮಾರು ಶೇ. 60 ಮಾತ್ರ. ಮೊದಲ ದಿನಗಳಲ್ಲಿ ಉಸಿರಾಟ ಚುರುಕಾಗುತ್ತದೆ, ಮುಂದಿನ ವಾರಗಳಲ್ಲಿ ಮೂತ್ರಪಿಂಡ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸಿ ಕೆಂಪು ರಕ್ತಕಣಗಳ ಸಂಖ್ಯೆ ಏರುತ್ತದೆ. ಇದು ಒಗ್ಗಿಕೊಳ್ಳುವಿಕೆ. ಕೆಳಗೆ ಇಳಿದರೆ ಕೆಲವು ವಾರಗಳಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ, ಮಕ್ಕಳಿಗೆ ಏನೂ ದಾಟುವುದಿಲ್ಲ. ಗಿಡವಾಗಿ ಬಗ್ಗಿದ್ದು ಮರವಾಗಿಯೂ ಬಗ್ಗಿಯೇ ಇರಬಹುದು, ಆದರೆ ಆ ಬಾಗು ಬೀಜದೊಳಗೆ ಹೋಗುವುದಿಲ್ಲ.

ಟಿಬೆಟಿನ ಪ್ರಸ್ಥಭೂಮಿಯಲ್ಲಿ ಸಾವಿರಾರು ವರ್ಷಗಳಿಂದ ಬಾಳಿದವರ ರಕ್ತ ನೋಡಿದರೆ ಸಂಗತಿ ತಿರುವುಮುರುವು. ಅವರಲ್ಲಿ ಹಲವರ ಹಿಮೊಗ್ಲೋಬಿನ್ ಅಷ್ಟೇ ಎತ್ತರಕ್ಕೆ ಹೋದ ಬಯಲುನಾಡಿನವರಿಗಿಂತ ಕಡಿಮೆ. ಕೆಂಪು ಕಣ ವಿಪರೀತ ಹೆಚ್ಚಿದರೆ ರಕ್ತ ಗಟ್ಟಿಯಾಗಿ ಹೃದಯಕ್ಕೆ ಹೊರೆಯಾಗುತ್ತದೆ, ಗರ್ಭಿಣಿಯರಿಗೆ ಅಪಾಯ ಹೆಚ್ಚುತ್ತದೆ. ಅಂದರೆ ಒಗ್ಗಿಕೊಳ್ಳುವ ಆ ಪ್ರತಿಕ್ರಿಯೆ ಸ್ವಲ್ಪ ದಿನಕ್ಕೆ ನೆರವು, ಬಾಳಿನುದ್ದಕ್ಕೂ ತೊಂದರೆ. ಟಿಬೆಟಿನ ಸಮೂಹದಲ್ಲಿ ಇಪಾಸ್1 ಎಂಬ ಜೀನಿನ ಒಂದು ರೂಪ ಬಹುಪಾಲು ಜನರಲ್ಲಿದ್ದು, ಅದು ಈ ಪ್ರತಿಕ್ರಿಯೆಯನ್ನು ತಗ್ಗಿಸುತ್ತದೆ. ಆ ರೂಪ ಅಲ್ಲಿ ಹೊಸದಾಗಿ ಹುಟ್ಟಿದ್ದೂ ಅಲ್ಲ. ಡೆನಿಸೋವನ್ ಎಂಬ ಅಳಿದುಹೋದ ಮಾನವ ಬಳಗದೊಡನೆ ಆದ ಸಂಕರದಿಂದ ಬಂದದ್ದೆಂದು 2014ರಲ್ಲಿ ಗೊತ್ತಾಯಿತು. ಎತ್ತರಕ್ಕೆ ಹೋದದ್ದರಿಂದ ಆ ಜೀನ್ ಹುಟ್ಟಲಿಲ್ಲ. ಅದು ವಿರಳವಾಗಿ ಮೊದಲೇ ಇತ್ತು, ಎತ್ತರದಲ್ಲಿ ಅದನ್ನು ಹೊತ್ತವರ ಮಕ್ಕಳು ಹೆಚ್ಚು ಬದುಕಿದರು.

'ಮೊದಲೇ ಇತ್ತು' ಎಂಬ ಮಾತನ್ನು ನಂಬಬೇಕಾದರೆ ಪುರಾವೆ ಬೇಕು. ಅಗತ್ಯ ಬಂದಾಗ ಬದಲಾವಣೆ ಹುಟ್ಟುತ್ತದೆಯೋ, ಬದಲಾವಣೆ ಮೊದಲೇ ಹುಟ್ಟಿ ಅಗತ್ಯ ಅದನ್ನು ಆರಿಸುತ್ತದೆಯೋ? ಎರಡರ ಕೊನೆಯ ಫಲಿತಾಂಶ ಹೊರಗಿನಿಂದ ಒಂದೇ ತರಹ ಕಾಣುತ್ತದೆ. ಇದನ್ನು ಬಿಡಿಸಿದ್ದು 1943ರಲ್ಲಿ ಸಾಲ್ವಡೋರ್ ಲೂರಿಯ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್ ಪ್ರಕಟಿಸಿದ ಪ್ರಯೋಗ. ಜೀವಶಾಸ್ತ್ರದ ಅತ್ಯಂತ ಸುಂದರ ಪ್ರಯೋಗಗಳಲ್ಲಿ ಅದೂ ಒಂದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಉಪಕರಣ ಏನೂ ಇಲ್ಲ. ಟ್ಯೂಬು, ತಟ್ಟೆ, ಎಣಿಸುವ ತಾಳ್ಮೆ, ಅಷ್ಟೇ.

ಇ. ಕೋಲಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ಒಂದು ವೈರಸ್ ಇದೆ. ಇಂಥ ವೈರಸ್ಸುಗಳಿಗೆ ಫೇಜ್ ಎನ್ನುತ್ತಾರೆ. ಫೇಜ್ ಬಳಿದ ತಟ್ಟೆಯ ಮೇಲೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಹರಡಿದರೆ ಬಹುತೇಕ ಎಲ್ಲವೂ ಸಾಯುತ್ತವೆ, ಬೆರಳೆಣಿಕೆಯಷ್ಟು ಕೋಶಗಳು ಬದುಕಿ, ಒಂದೊಂದೂ ಬೆಳೆದು ಕಣ್ಣಿಗೆ ಕಾಣುವ ಗುಂಪು, ಅಂದರೆ ಕಾಲೊನಿ, ಆಗುತ್ತದೆ. ಫೇಜ್‌ಗೆ ಸಾಯದ ಈ ಗುಣ, ಅಂದರೆ ನಿರೋಧ, ಫೇಜ್ ತಾಗಿದ ಮೇಲೆ ಹುಟ್ಟಿತೇ, ಮೊದಲೇ ಇತ್ತೇ ಎಂಬುದು ಪ್ರಶ್ನೆ. ಅವರು ಮಾಡಿದ್ದು ಹೀಗೆ: 0.2 ಮಿ.ಲೀ. ಪೋಷಕ ದ್ರವದ 20 ಚಿಕ್ಕ ಟ್ಯೂಬುಗಳಲ್ಲಿ ತೀರಾ ಕಡಿಮೆ ಕೋಶಗಳಿಂದ ಬೆಳೆ ಆರಂಭಿಸಿ, ಪ್ರತಿ ಟ್ಯೂಬಿನಲ್ಲಿ ಸುಮಾರು 2 ಕೋಟಿ ಕೋಶಗಳಾಗುವವರೆಗೆ ಬಿಟ್ಟರು. ಜೊತೆಗೆ ಒಂದು ದೊಡ್ಡ ಪಾತ್ರೆಯಲ್ಲಿ ಒಟ್ಟಾಗಿಯೂ ಬೆಳೆಸಿ, ಅದರಿಂದ 10 ಬಾರಿ ಅಷ್ಟಷ್ಟೇ ದ್ರವ ತೆಗೆದರು. ಎಲ್ಲವನ್ನೂ ಫೇಜ್ ತಟ್ಟೆಗಳ ಮೇಲೆ ಹರಡಿ ಮರುದಿನ ಕಾಲೊನಿ ಎಣಿಸಿದರು.

ನಿರೋಧ ಫೇಜ್ ತಾಗಿದ ಮೇಲೆಯೇ ಹುಟ್ಟುವುದಾದರೆ ಪ್ರತಿ ಕೋಶಕ್ಕೂ ಅದೃಷ್ಟ ಖುಲಾಯಿಸುವ ಅವಕಾಶ ಸಮ. ಆಗ 20 ಟ್ಯೂಬುಗಳ ಎಣಿಕೆ ಒಂದರ ಪಕ್ಕ ಒಂದು ಹೆಚ್ಚುಕಡಿಮೆ ಹೋಲಬೇಕು. ಮೊದಲೇ ಹುಟ್ಟುವುದಾದರೆ, ಯಾವಾಗ ಹುಟ್ಟಿತು ಎಂಬುದು ಮುಖ್ಯವಾಗುತ್ತದೆ. ಬೆಳೆ ಚಿಕ್ಕದಿದ್ದಾಗಲೇ ಒಂದು ಕೋಶ ಬದಲಾದರೆ ಅದರ ಸಂತಾನ ದ್ವಿಗುಣಗೊಳ್ಳುತ್ತಾ ಹೋಗಿ ಕೊನೆಗೆ ನೂರಾರು ನಿರೋಧಿ ಕೋಶಗಳಾಗುತ್ತವೆ, ಕೊನೆಯ ಗಳಿಗೆಯಲ್ಲಿ ಬದಲಾದರೆ ಒಂದೋ ಎರಡೋ. ಬಂದ ಎಣಿಕೆ ಇದು: 1, 0, 3, 0, 0, 5, 0, 5, 0, 6, 107, 0, 0, 0, 1, 0, 0, 64, 0, 35. ದೊಡ್ಡ ಪಾತ್ರೆಯಿಂದ ತೆಗೆದ ಹತ್ತರದ್ದು: 14, 15, 13, 21, 15, 14, 26, 16, 20, 13. ಎರಡು ಸಾಲುಗಳನ್ನು ಒಟ್ಟಿಗೆ ಇಟ್ಟು ನೋಡಿ. ದೊಡ್ಡ ಪಾತ್ರೆಯಲ್ಲಿ ಎಲ್ಲವೂ ಬೆರೆತಿರುವುದರಿಂದ ಎಣಿಕೆ ಸಮವಾಗಿದೆ, ಎಣಿಸುವ ವಿಧಾನದಲ್ಲಿ ಏರುಪೇರಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಬೇರೆಬೇರೆ ಟ್ಯೂಬುಗಳಲ್ಲಿ ಮಾತ್ರ ಹನ್ನೊಂದರಲ್ಲಿ ಸೊನ್ನೆ, ಒಂದರಲ್ಲಿ 107. ಫೇಜ್ ಎಂಬುದು ಬರುವ ಮೊದಲೇ, ಅದರ ಸುಳಿವೂ ಇಲ್ಲದೆ, ನಿರೋಧ ಹುಟ್ಟಿತ್ತು.

ಸೊನ್ನೆ ಬಂದ ಟ್ಯೂಬುಗಳಲ್ಲೂ ಮಾಹಿತಿ ಇದೆ. 20ರಲ್ಲಿ 11, ಅಂದರೆ 0.55 ಭಾಗದಲ್ಲಿ ನಿರೋಧ ಕೊಡುವ ಮ್ಯುಟೇಶನ್, ಅಂದರೆ ಡಿಎನ್‌ಎಯ ಬದಲಾವಣೆ, ಒಂದೂ ಆಗಲಿಲ್ಲ. ವಿರಳ ಘಟನೆಗಳ ಲೆಕ್ಕ ಹಾಕುವ ಪ್ವಾಸೋನ್ ಸೂತ್ರದ ಪ್ರಕಾರ ಇದಕ್ಕೆ ಟ್ಯೂಬಿಗೆ ಸರಾಸರಿ 0.6 ಮ್ಯುಟೇಶನ್ ಆಗಿರಬೇಕು. ಅದನ್ನು 2 ಕೋಟಿಯಿಂದ ಭಾಗಿಸಿದರೆ ಸಿಗುವ ದರ, 10 ಕೋಟಿ ಕೋಶವಿಭಜನೆಗೆ ಸುಮಾರು 3. ಈ ಪ್ರಯೋಗವನ್ನು ಇಂದಿಗೂ ಕಾಲೇಜು ಪ್ರಯೋಗಾಲಯಗಳಲ್ಲಿ ಮಾಡುತ್ತಾರೆ, ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಆರಂಭದಲ್ಲಿ ಹಾಕಿದ ಕೋಶಗಳು ಜಾಸ್ತಿಯಾದರೆ ಅವುಗಳಲ್ಲೇ ನಿರೋಧಿ ಕೋಶ ನುಸುಳಿರುತ್ತದೆ, ಆಗ ಎಲ್ಲ ಟ್ಯೂಬುಗಳಲ್ಲೂ ಕಾಲೊನಿ ಬಂದು ಏರಿಳಿತ ಮಾಯವಾಗುತ್ತದೆ. ಫೇಜ್ ಸಾಲದೆ ಹೋದರೆ ನಿರೋಧವಿಲ್ಲದ ಕೋಶಗಳೂ ತಪ್ಪಿಸಿಕೊಂಡು ಎಣಿಕೆ ಸುಮ್ಮನೆ ಉಬ್ಬುತ್ತದೆ.

ವ್ಯತ್ಯಾಸ ಮೊದಲು, ಆಯ್ಕೆ ಆಮೇಲೆ ಎಂಬುದು ಇಷ್ಟರಿಂದ ಖಚಿತ. ಇನ್ನು ಆಯ್ಕೆ ಎಷ್ಟು ವೇಗವಾಗಿ ನಡೆಯುತ್ತದೆ?

ಗಲಾಪಗೋಸ್ ದ್ವೀಪಸಮೂಹದಲ್ಲಿ ದಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪವಿದೆ. ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ 1973ರಿಂದ ದಶಕಗಳ ಕಾಲ ಅಲ್ಲಿನ ಫಿಂಚ್ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಕೊಕ್ಕನ್ನು ಅಳೆದು ಬಿಟ್ಟರು. ದ್ವೀಪ ಚಿಕ್ಕದಾದ್ದರಿಂದ ಯಾವ ಹಕ್ಕಿ ಸತ್ತಿತು, ಯಾವುದು ಉಳಿಯಿತು ಎಂದು ಹೆಚ್ಚುಕಡಿಮೆ ಪ್ರತಿಯೊಂದರ ಲೆಕ್ಕವೂ ಸಿಗುತ್ತಿತ್ತು. 1977ರಲ್ಲಿ ಮಳೆ ಕೈಕೊಟ್ಟಿತು. ಮೆತ್ತನೆಯ ಸಣ್ಣ ಬೀಜಗಳು ಮೊದಲು ಖಾಲಿಯಾದವು. ಉಳಿದದ್ದು ನೆಗ್ಗಿಲಿನ ಬಳಗದ ಒಂದು ಗಿಡದ ಗಟ್ಟಿ ಮುಳ್ಳುಕಾಯಿ, ಅದನ್ನು ಒಡೆಯಲು ದಪ್ಪ ಕೊಕ್ಕೇ ಬೇಕು. ಮಧ್ಯಮ ನೆಲಫಿಂಚ್ ಎಂಬ ಪ್ರಭೇದದ ಸಂಖ್ಯೆ ಸುಮಾರು 1,200ರಿಂದ 200ಕ್ಕೂ ಕೆಳಗೆ ಕುಸಿಯಿತು. ಬದುಕುಳಿದವುಗಳ ಕೊಕ್ಕಿನ ಸರಾಸರಿ ದಪ್ಪ ಮೊದಲಿದ್ದುದಕ್ಕಿಂತ ಸುಮಾರು ಅರ್ಧ ಮಿ.ಮೀ. ಹೆಚ್ಚು. ಯಾವ ಹಕ್ಕಿಯ ಕೊಕ್ಕೂ ಬೆಳೆದಿರಲಿಲ್ಲ, ತೆಳು ಕೊಕ್ಕಿನವು ಸತ್ತಿದ್ದವು, ಅಷ್ಟೇ.

ಇಲ್ಲಿಗೆ ಆಯ್ಕೆ ಆಯಿತು, ವಿಕಾಸ ಇನ್ನೂ ಆಗಲಿಲ್ಲ. ಬದುಕಿದವರ ದಪ್ಪ ಕೊಕ್ಕು ಮರಿಗಳಿಗೆ ಬಂದರೆ ಮಾತ್ರ ಅದು ವಿಕಾಸ. ಇದನ್ನು ಅಳೆಯಲು ತಂದೆತಾಯಿಯರ ಸರಾಸರಿ ಕೊಕ್ಕಿನ ಅಳತೆಯನ್ನು ಒಂದು ಅಕ್ಷದಲ್ಲಿ, ಪೂರ್ತಿ ಬೆಳೆದ ಮರಿಗಳ ಅಳತೆಯನ್ನು ಇನ್ನೊಂದರಲ್ಲಿ ಇಟ್ಟು ಗೆರೆ ಎಳೆಯುತ್ತಾರೆ. ಆ ಗೆರೆಯ ಇಳಿಜಾರೇ ವಂಶಪಾರಂಪರ್ಯದ ಪ್ರಮಾಣ. ಸೊನ್ನೆಯಾದರೆ ಏನೂ ದಾಟುವುದಿಲ್ಲ, ಒಂದಾದರೆ ಪೂರ್ತಿ ದಾಟುತ್ತದೆ. ಈ ಫಿಂಚ್‌ಗಳ ಕೊಕ್ಕಿನ ದಪ್ಪದಲ್ಲಿ ಈ ಪ್ರಮಾಣ ತುಂಬಾ ಹೆಚ್ಚು. ಸೂತ್ರ ಸರಳ: ಮುಂದಿನ ತಲೆಮಾರಿನಲ್ಲಿ ಆಗುವ ಬದಲಾವಣೆ ಅಂದರೆ ಆಯ್ಕೆಯಿಂದ ಆದ ವ್ಯತ್ಯಾಸ ಗುಣಿಸು ವಂಶಪಾರಂಪರ್ಯದ ಪ್ರಮಾಣ. ಉದಾಹರಣೆಗೆ, ಸಮೂಹದ ಸರಾಸರಿ 9.4 ಮಿ.ಮೀ., ಬದುಕುಳಿದು ಮರಿ ಮಾಡಿದವುಗಳದ್ದು 9.9, ಪ್ರಮಾಣ 0.7 ಎಂದಿಟ್ಟುಕೊಳ್ಳಿ. ವ್ಯತ್ಯಾಸ 0.5, ಅದರ 0.7 ಪಾಲು 0.35. ಮರಿಗಳ ಸರಾಸರಿ 9.75 ಆಗಬೇಕು. ಪಶುತಳಿ ಅಭಿವೃದ್ಧಿ ಮಾಡುವವರು ಹಾಲಿನ ಇಳುವರಿಗೂ ಇದೇ ಸೂತ್ರ ಬಳಸುತ್ತಾರೆ.

ಸೂತ್ರ ಸರಳವಾದರೂ ಅದರೊಳಗೆ ಹಾಕುವ ಅಂಕಿಗಳು ಸುಲಭವಾಗಿ ಮೋಸ ಮಾಡುತ್ತವೆ. ದಪ್ಪ ಕೊಕ್ಕಿನ ಜೋಡಿಗಳೇ ಆಹಾರ ಚೆನ್ನಾಗಿರುವ ಜಾಗ ಹಿಡಿದಿದ್ದರೆ, ಮರಿ ದಪ್ಪವಾದದ್ದು ಜೀನಿನಿಂದಲೋ ಊಟದಿಂದಲೋ ತಿಳಿಯುವುದಿಲ್ಲ, ಪ್ರಮಾಣ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಗೂಡಿಗೆ ಆಹಾರ ತರುವ ಗಂಡೇ ತಂದೆ ಎಂದು ಬರೆದುಕೊಂಡು ನಿಜವಾದ ತಂದೆ ಬೇರೆಯಿದ್ದರೆ ಪ್ರಮಾಣ ಕಡಿಮೆ ಕಾಣುತ್ತದೆ. ಬೆಳವಣಿಗೆ ಮುಗಿಯದ ಮರಿಯ ಅಳತೆ ತೆಗೆದರೆ ಎಲ್ಲವೂ ಹಾಳು.

ಬರದ ಕತೆಯನ್ನು ಹೇಳಿ ಅಲ್ಲಿಗೇ ನಿಲ್ಲಿಸುವ ಅಭ್ಯಾಸ ಹಲವರಲ್ಲಿದೆ, ಅದರಿಂದ ದಪ್ಪ ಕೊಕ್ಕು ಎಂದರೆ 'ಮುಂದುವರಿದ' ಕೊಕ್ಕು ಎಂಬ ಭಾವನೆ ಉಳಿದುಬಿಡುತ್ತದೆ. 1983ರಲ್ಲಿ ಎಲ್ ನಿನ್ಯೊದಿಂದ ಭಾರಿ ಮಳೆ ಸುರಿಯಿತು. ಬಳ್ಳಿಗಳು ಹಬ್ಬಿ ಸಣ್ಣ ಬೀಜಗಳೇ ತುಂಬಿಕೊಂಡವು. ನಂತರದ ಎರಡು ವರ್ಷ ಬದುಕಿದ್ದು ಸಣ್ಣ ಕೊಕ್ಕಿನವು. 2003–05ರಲ್ಲಿ ಮತ್ತೆ ಬರ ಬಂತು. 1977ರಂತೆಯೇ ದಪ್ಪ ಕೊಕ್ಕು ಗೆಲ್ಲಬೇಕಿತ್ತಲ್ಲವೇ? ಆಗಲಿಲ್ಲ. ಅಷ್ಟರಲ್ಲಿ ದೊಡ್ಡ ನೆಲಫಿಂಚ್ ಎಂಬ ಇನ್ನೊಂದು ಪ್ರಭೇದ ದ್ವೀಪದಲ್ಲಿ ನೆಲೆಯೂರಿತ್ತು. ಗಟ್ಟಿ ಕಾಯಿಗಳನ್ನು ಅದೇ ಮುಗಿಸಿತು, ಅದರೊಡನೆ ಪೈಪೋಟಿಗೆ ಬಿದ್ದ ದಪ್ಪ ಕೊಕ್ಕಿನ ಮಧ್ಯಮ ಫಿಂಚ್‌ಗಳು ಸತ್ತವು, ಸರಾಸರಿ ಕೆಳಗಿಳಿಯಿತು. ಅದೇ ದ್ವೀಪ, ಅದೇ ಹಕ್ಕಿ, ಅದೇ ಬರ, ಆದರೆ ಫಲಿತಾಂಶ ಉಲ್ಟಾ. ನೆರೆಹೊರೆಯೂ ಪರಿಸರದ ಭಾಗ.

ಇಷ್ಟು ಕೇಳಿದ ಮೇಲೆ ಒಳ್ಳೆಯ ಬದಲಾವಣೆ ಹುಟ್ಟಿದರೆ ಸಾಕು, ಅದು ಗೆದ್ದೇ ಗೆಲ್ಲುತ್ತದೆ ಎನ್ನಿಸಬಹುದು. 1927ರಲ್ಲಿ ಜೆ. ಬಿ. ಎಸ್. ಹಾಲ್ಡೇನ್ ಹಾಕಿದ ಲೆಕ್ಕ ಬೇರೆಯೇ ಹೇಳುತ್ತದೆ. ಒಂದು ಮ್ಯುಟೇಶನ್ ಶೇ. 1ರಷ್ಟು ಲಾಭ ಕೊಡುತ್ತದೆ ಎಂದುಕೊಳ್ಳಿ. ಅದು ಸಮೂಹದಲ್ಲಿ ಕೊನೆಗೆ ನೆಲೆಯೂರುವ ಸಾಧ್ಯತೆ ಆ ಲಾಭದ ಎರಡರಷ್ಟು ಮಾತ್ರ, ಅಂದರೆ ಶೇ. 2. ನೂರರಲ್ಲಿ 98 ಸಲ ಲಾಭದ ಮ್ಯುಟೇಶನ್ ಕೂಡ ಅಳಿದುಹೋಗುತ್ತದೆ, ಏಕೆಂದರೆ ಆರಂಭದಲ್ಲಿ ಅದನ್ನು ಹೊತ್ತಿರುವುದು ಒಂದೋ ಎರಡೋ ಜೀವಿಗಳು, ಅವು ಕಾಲು ಜಾರಿ ಬಿದ್ದೋ ಬೇಟೆಗೆ ಸಿಕ್ಕಿಯೋ ಮಕ್ಕಳಿಲ್ಲದೆ ಸಾಯಬಹುದು. ನೆಲೆಯೂರಿದರೂ ಆತುರವಿಲ್ಲ. 10,000 ಜೀವಿಗಳ ಸಮೂಹದಲ್ಲಿ ಅಷ್ಟೇ ಲಾಭದ ಮ್ಯುಟೇಶನ್ ಎಲ್ಲರಿಗೂ ಹರಡಲು ಸುಮಾರು 2,000 ತಲೆಮಾರು ಬೇಕು.

ಹರಡುವಿಕೆಯ ರೇಖೆಯೂ ಸಮನಾಗಿ ಏರುವುದಿಲ್ಲ. ಇಂಗ್ಲೆಂಡಿನ ಚುಕ್ಕೆ ಪತಂಗದ ಕಪ್ಪು ರೂಪ ಮ್ಯಾಂಚೆಸ್ಟರಿನಲ್ಲಿ ದಾಖಲಾದದ್ದು 1848ರಲ್ಲಿ. ಕಾರ್ಟೆಕ್ಸ್ ಎಂಬ ಜೀನಿನೊಳಗೆ ಸುಮಾರು 22,000 ಅಕ್ಷರಗಳ ಒಂದು ನೆಗೆಯುವ ಡಿಎನ್‌ಎ ತುಣುಕು ಬಂದು ಕೂತದ್ದೇ ಆ ಬಣ್ಣಕ್ಕೆ ಕಾರಣವೆಂದು 2016ರಲ್ಲಿ ಗೊತ್ತಾಯಿತು. ಅದು ಸೇರಿದ್ದು 1819ರ ಆಸುಪಾಸಿನಲ್ಲಿ ಎಂದು ಅಂದಾಜು. ವರ್ಷಕ್ಕೊಂದೇ ತಲೆಮಾರಾದ್ದರಿಂದ ಸುಮಾರು 30 ತಲೆಮಾರು ಯಾರ ಕಣ್ಣಿಗೂ ಬೀಳದಷ್ಟು ವಿರಳವಾಗಿತ್ತು. ಮಸಿ ಹಿಡಿದ ಮರಗಳ ಕಾಲದಲ್ಲಿ, 1895ರ ಹೊತ್ತಿಗೆ, ಮ್ಯಾಂಚೆಸ್ಟರಿನ ಸುತ್ತ ಶೇ. 98 ಪತಂಗಗಳು ಕಪ್ಪು. 1956ರ ಶುದ್ಧ ಗಾಳಿಯ ಕಾನೂನಿನ ನಂತರ ಮಸಿ ಕಡಿಮೆಯಾಗಿ ಎಣಿಕೆ ಹಿಂದಕ್ಕೆ ಸರಿಯಿತು. ಮರದ ಬಣ್ಣಕ್ಕೆ ಹೊಂದದೆ ಎದ್ದು ಕಾಣುವ ಪತಂಗಗಳನ್ನೇ ಹಕ್ಕಿಗಳು ನಿಜಕ್ಕೂ ಆರಿಸಿ ತಿನ್ನುತ್ತವೆಯೇ ಎಂಬ ಅನುಮಾನ ಬಹುಕಾಲ ಇತ್ತು. ಮೈಕೆಲ್ ಮಜೀರಸ್ 2001ರಿಂದ 2007ರವರೆಗೆ 4,864 ಪತಂಗಗಳನ್ನು ಬಿಟ್ಟು ನೋಡಿದ ಮೇಲೆ ಆ ಅನುಮಾನ ತೀರಿತು.

ಈಗ ಇಡೀ ಪ್ರಕ್ರಿಯೆಯನ್ನು ಕಣ್ಣೆದುರಿಗೇ ನಡೆಸಿ ನೋಡಿದ ಪ್ರಯೋಗಕ್ಕೆ ಬರೋಣ. ರಿಚರ್ಡ್ ಲೆನ್ಸ್ಕಿ 1988ರ ಫೆಬ್ರವರಿಯಲ್ಲಿ ಒಂದೇ ಇ. ಕೋಲಿ ತಳಿಯಿಂದ 12 ಫ್ಲಾಸ್ಕುಗಳನ್ನು ಆರಂಭಿಸಿದರು. ಪ್ರತಿ ಫ್ಲಾಸ್ಕಿನಲ್ಲಿ 10 ಮಿ.ಲೀ. ದ್ರವ, ಲೀಟರಿಗೆ 25 ಮಿ.ಗ್ರಾಂ. ಗ್ಲೂಕೋಸ್, ತಾಪ 37 ಡಿಗ್ರಿ ಸೆಲ್ಸಿಯಸ್. ಗ್ಲೂಕೋಸನ್ನು ಬೇಕೆಂದೇ ಕಡಿಮೆ ಇಟ್ಟದ್ದು. ಕೆಲವು ಗಂಟೆಗಳಲ್ಲಿ ಅದು ಮುಗಿಯುತ್ತದೆ, ಉಳಿದ ಸಮಯ ಉಪವಾಸ. ಪ್ರತಿದಿನ 0.1 ಮಿ.ಲೀ. ಬೆಳೆಯನ್ನು 9.9 ಮಿ.ಲೀ. ಹೊಸ ದ್ರವಕ್ಕೆ ದಾಟಿಸುತ್ತಾರೆ. ನೂರರಲ್ಲಿ ಒಂದು ಪಾಲು ದಾಟಿ, ಮತ್ತೆ ನೂರು ಪಾಲಾಗಿ ಬೆಳೆಯುತ್ತದೆ. ಎರಡನ್ನು ಎಷ್ಟು ಬಾರಿ ಗುಣಿಸಿದರೆ ನೂರಾಗುತ್ತದೆ ಎಂದು ನೋಡಿದರೆ ದಿನಕ್ಕೆ ಸುಮಾರು 6.6 ತಲೆಮಾರು. 75 ದಿನಕ್ಕೆ 500. ಪ್ರತಿ 500 ತಲೆಮಾರಿಗೊಮ್ಮೆ ಒಂದಿಷ್ಟು ಕೋಶಗಳನ್ನು ಗ್ಲಿಸರಾಲ್ ಬೆರೆಸಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತಾರೆ. ಕರಗಿಸಿದರೆ ಮತ್ತೆ ಬದುಕುವ ಪಳೆಯುಳಿಕೆಗಳು ಅವು!

ಬೆಳೆ ಬೆರಕೆಯಾಗದಂತೆ ಕಾಯುವುದು ಇಂಥ ಪ್ರಯೋಗದ ಅರ್ಧ ಕೆಲಸ. ಅದಕ್ಕೆ 12ರಲ್ಲಿ ಆರು ಅರಾಬಿನೋಸ್ ಎಂಬ ಸಕ್ಕರೆಯನ್ನು ಬಳಸಬಲ್ಲವು, ಆರು ಬಳಸಲಾರವು. ವಿಶೇಷ ತಟ್ಟೆಯ ಮೇಲೆ ಒಂದು ಬಗೆ ಬಿಳಿ ಛಾಯೆಯಲ್ಲಿ, ಇನ್ನೊಂದು ಕೆಂಪಾಗಿ ಕಾಣುತ್ತದೆ. ದಾಟಿಸುವಾಗ ಇವೆರಡನ್ನು ಒಂದಾದ ಮೇಲೊಂದು ತೆಗೆದುಕೊಳ್ಳುತ್ತಾರೆ. ಪಕ್ಕದ ಫ್ಲಾಸ್ಕಿನಿಂದ ಹನಿ ಸಿಡಿದಿದ್ದರೆ ತಟ್ಟೆಯಲ್ಲಿ ತಪ್ಪು ಬಣ್ಣ ಕಾಣಿಸಿ ಗುಟ್ಟು ರಟ್ಟಾಗುತ್ತದೆ, ಆಗ ಫ್ರೀಜರಿನ ಕೊನೆಯ ಮಾದರಿಯಿಂದ ಮತ್ತೆ ಆರಂಭ. ಅದೇ ಬಣ್ಣ ಸಾಮರ್ಥ್ಯ ಅಳೆಯಲೂ ಬರುತ್ತದೆ. ಮೂಲ ಪೂರ್ವಜನನ್ನೂ ವಿಕಾಸಗೊಂಡ ತಳಿಯನ್ನೂ ಒಂದೇ ಫ್ಲಾಸ್ಕಿನಲ್ಲಿ ಬೆರೆಸಿ, ಮೊದಲ ದಿನ ಮತ್ತು ಮರುದಿನ ಕೆಂಪು, ಬಿಳಿ ಕಾಲೊನಿ ಎಣಿಸಿದರಾಯಿತು. ಪೂರ್ವಜ 6 ಬಾರಿ ದ್ವಿಗುಣಗೊಳ್ಳುವ ಹೊತ್ತಿಗೆ ಹೊಸ ತಳಿ 7.2 ಬಾರಿ ದ್ವಿಗುಣಗೊಂಡರೆ ಅದರ ಸಾಪೇಕ್ಷ ಸಾಮರ್ಥ್ಯ 1.2.

ಮೊದಲ 2,000 ತಲೆಮಾರಿನಲ್ಲಿ ಸಾಮರ್ಥ್ಯ ಸರಾಸರಿ ಸುಮಾರು ಶೇ. 37 ಏರಿತು. ಆಮೇಲೆ ಏರಿಕೆ ನಿಧಾನವಾಯಿತು, ನಿಲ್ಲಲಿಲ್ಲ. ಹನ್ನೆರಡರಲ್ಲೂ ಕೋಶಗಳು ದೊಡ್ಡದಾದವು. ಹನ್ನೆರಡೂ ರೈಬೋಸ್ ಎಂಬ ಸಕ್ಕರೆಯನ್ನು ಬಳಸುವ ಶಕ್ತಿ ಕಳೆದುಕೊಂಡವು. ಗ್ಲೂಕೋಸ್ ಮಾತ್ರ ಸಿಗುವ ಲೋಕದಲ್ಲಿ ರೈಬೋಸಿನ ಯಂತ್ರ ದಂಡ ಖರ್ಚು, ಆ ಜೀನ್‌ಗಳನ್ನು ಕತ್ತರಿಸಿ ಎಸೆದ ಕೋಶಕ್ಕೆ ಶೇ. 1–2ರಷ್ಟು ಲಾಭ. ಕಳೆದುಕೊಳ್ಳುವುದೂ ಹೊಂದಾಣಿಕೆಯೇ. ಕತ್ತಲ ಗುಹೆಯ ಮೀನು ಕಣ್ಣು ಕಳೆದುಕೊಂಡದ್ದನ್ನು ಅವನತಿ ಎನ್ನುವವರು ಈ ಫ್ಲಾಸ್ಕುಗಳನ್ನು ನೋಡಬೇಕು.

ಸುಮಾರು 33,000ನೇ ತಲೆಮಾರಿನಲ್ಲಿ ಒಂದು ಫ್ಲಾಸ್ಕಿನ ದ್ರವ ಉಳಿದವುಗಳಿಗಿಂತ ತುಂಬಾ ಮಬ್ಬಾಯಿತು, ಅಂದರೆ ಅದರಲ್ಲಿ ಕೋಶಗಳು ಹೆಚ್ಚಿದ್ದವು. ಮೊದಲ ಅನುಮಾನ ಬೆರಕೆಯದ್ದೇ. ಡಿಎನ್‌ಎ ನೋಡಿದರೆ ಅದು ಅದೇ ವಂಶ. ಆ ದ್ರವದಲ್ಲಿ ಕಬ್ಬಿಣದ ಅಂಶ ಕೋಶಗಳಿಗೆ ಸಿಗಲೆಂದು ಸಿಟ್ರೇಟ್ ಸೇರಿಸಿರುತ್ತಾರೆ, ಅದು ಗ್ಲೂಕೋಸಿಗಿಂತ ಎಷ್ಟೋ ಹೆಚ್ಚು ಪ್ರಮಾಣದಲ್ಲಿದೆ. ಆಮ್ಲಜನಕ ಇರುವಾಗ ಇ. ಕೋಲಿ ಸಿಟ್ರೇಟನ್ನು ತಿನ್ನಲಾರದು, ಆ ಪ್ರಭೇದವನ್ನು ಗುರುತಿಸುವ ಲಕ್ಷಣಗಳಲ್ಲಿ ಅದೂ ಒಂದು. ಇದು ತಿನ್ನತೊಡಗಿತ್ತು. ಹೇಗೆ? ಸಿಟ್ರೇಟನ್ನು ಒಳಗೆ ತರುವ ಬಾಗಿಲಿನ ಜೀನ್ ಅದರಲ್ಲಿ ಮೊದಲಿನಿಂದಲೂ ಇದೆ, ಆದರೆ ಆಮ್ಲಜನಕ ಇರುವಾಗ ಅದು ಮುಚ್ಚಿರುತ್ತದೆ. ಡಿಎನ್‌ಎಯ ಆ ತುಂಡು ತಪ್ಪಾಗಿ ಎರಡು ಪ್ರತಿಯಾದಾಗ, ಒಂದು ಪ್ರತಿ ಬೇರೊಂದು ಜೀನಿನ ಸ್ವಿಚ್ಚಿನ ಪಕ್ಕ ಬಿತ್ತು. ಆ ಸ್ವಿಚ್ಚು ಆಮ್ಲಜನಕ ಇರುವಾಗಲೂ ಚಾಲೂ. ಹೊಸ ಯಂತ್ರ ಯಾವುದೂ ಹುಟ್ಟಲಿಲ್ಲ, ಹಳೆಯ ಬಾಗಿಲಿಗೆ ಹಳೆಯ ಸ್ವಿಚ್ಚು ಜೋಡಿಸಿಕೊಂಡಿತು.

ಫ್ರೀಜರ್ ಇದ್ದದ್ದರಿಂದ ಇನ್ನೊಂದು ಪ್ರಶ್ನೆ ಕೇಳಲು ಸಾಧ್ಯವಾಯಿತು: ಕಾಲವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಓಡಿಸಿದರೆ ಇದೇ ಆಗುತ್ತದೆಯೇ? ಆ ವಂಶದ ಬೇರೆಬೇರೆ ಕಾಲದ ಮಾದರಿಗಳನ್ನು ಕರಗಿಸಿ, ಲಕ್ಷ ಕೋಟಿಗಟ್ಟಲೆ ಕೋಶಗಳನ್ನು ಪರೀಕ್ಷಿಸಿದರು. ಸಿಟ್ರೇಟ್ ತಿನ್ನುವವು ಮತ್ತೆ ಹುಟ್ಟಿದವು, ಆದರೆ 20,000ನೇ ತಲೆಮಾರು ಮತ್ತು ಅದರ ನಂತರದ ಮಾದರಿಗಳಿಂದ ಮಾತ್ರ. ಅದಕ್ಕಿಂತ ಮೊದಲು ಕೂಡಿಬಂದ ಯಾವುದೋ ಬದಲಾವಣೆಗಳು ಈ ದಾರಿಯನ್ನು ತೆರೆದಿಟ್ಟಿದ್ದವು. 2008ರಲ್ಲಿ ಝಕರಿ ಬ್ಲೌಂಟ್ ಮತ್ತು ಜೊತೆಗಾರರು ಇದನ್ನು ಪ್ರಕಟಿಸಿದರು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 2016ರಲ್ಲಿ ಬೇರೊಂದು ತಂಡ, ಸಿಟ್ರೇಟ್ ಇದ್ದು ಗ್ಲೂಕೋಸ್ ತೀರಿದ ಸ್ಥಿತಿಯಲ್ಲಿ ಕೋಶಗಳನ್ನು ಹೆಚ್ಚು ಕಾಲ ಬಿಟ್ಟಾಗ, ನೂರು ತಲೆಮಾರಿನೊಳಗೇ ಸಿಟ್ರೇಟ್ ಬಳಸುವ ಇ. ಕೋಲಿಯನ್ನು ಪಡೆಯಿತು. ದಿನಕ್ಕೊಮ್ಮೆ ದಾಟಿಸಿದರೆ ಅಪರೂಪ, ಹಸಿವಿನಲ್ಲಿ ಹೆಚ್ಚು ದಿನ ಬಿಟ್ಟರೆ ಸುಲಭ. ಒಂದು ಹೊಂದಾಣಿಕೆ ಎಷ್ಟು ಕಷ್ಟದ್ದು ಎಂಬುದನ್ನು ಒತ್ತಡದ ಬಗೆ ಹೇಳದೆ ಅಳೆಯಲಾಗದು.

ಹೊಂದಾಣಿಕೆಗೆ ತೆರಬೇಕಾದ ಬೆಲೆಯ ವಿಷಯಕ್ಕೆ ಮನುಷ್ಯರದೇ ಉದಾಹರಣೆ ಇದೆ. ಹಿಮೊಗ್ಲೋಬಿನ್ನಿನ ಬೀಟಾ ಸರಪಳಿಯ 6ನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವೇಲಿನ್ ಬಂದರೆ ಕುಡಗೋಲು ಕಣದ ಹಿಮೊಗ್ಲೋಬಿನ್ ಆಗುತ್ತದೆ. ಡಿಎನ್‌ಎಯಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ತಂದೆತಾಯಿ ಇಬ್ಬರಿಂದಲೂ ಬಂದರೆ ಗಂಭೀರ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ಆರೋಗ್ಯ ಬಹುತೇಕ ಸರಿ, ಮೇಲಾಗಿ ಮಲೇರಿಯಾದ ಮಾರಕ ರೂಪದಿಂದ ಬಲವಾದ ರಕ್ಷಣೆ. ಆಂಥೊನಿ ಆಲಿಸನ್ 1954ರಲ್ಲಿ ಈ ನಂಟನ್ನು ತೋರಿಸಿದರು. ಲೆಕ್ಕ ಹಾಕೋಣ. ಒಂದು ಪ್ರತಿ ಇರುವವರ ಉಳಿವನ್ನು 1 ಎಂದಿಟ್ಟು, ಮಲೇರಿಯಾದಿಂದ ಸಾಮಾನ್ಯ ಹಿಮೊಗ್ಲೋಬಿನ್ನಿನವರಲ್ಲಿ ಶೇ. 15 ನಷ್ಟ, ಎರಡು ಪ್ರತಿ ಇರುವವರಲ್ಲಿ ಚಿಕಿತ್ಸೆಯಿಲ್ಲದೆ ಪೂರ್ತಿ ನಷ್ಟ ಎಂದುಕೊಳ್ಳಿ. ಜೀನ್ ನೆಲೆ ನಿಲ್ಲುವ ಪ್ರಮಾಣ 0.15 ಭಾಗಿಸು 1.15, ಅಂದರೆ 0.13. ಅಷ್ಟಾದರೆ ನೂರು ಶಿಶುಗಳಲ್ಲಿ ಸುಮಾರು 23 ರಕ್ಷಣೆ ಪಡೆದವು, 1.7 ಕಾಯಿಲೆಯವು. ಇದಕ್ಕಿಂತ ಹೆಚ್ಚಾದರೆ ಕಾಯಿಲೆ ಅದನ್ನು ತಗ್ಗಿಸುತ್ತದೆ, ಕಡಿಮೆಯಾದರೆ ಮಲೇರಿಯಾ ಏರಿಸುತ್ತದೆ. ಆಯ್ಕೆ ಇಲ್ಲಿ ಆ ಮಕ್ಕಳ ನೋವನ್ನು ತೆಗೆದುಹಾಕಲಾರದು, ಒಟ್ಟು ಲೆಕ್ಕ ಎಲ್ಲಿ ಸಮವಾಗುತ್ತದೋ ಅಲ್ಲಿ ನಿಲ್ಲುತ್ತದೆ. ಮಲೇರಿಯಾ ಹೋದರೂ ಜೀನ್ ಕೂಡಲೇ ಹೋಗುವುದಿಲ್ಲ, ಏಕೆಂದರೆ ವಿರಳವಾದಷ್ಟೂ ಅದು ಒಂಟಿ ಪ್ರತಿಗಳಲ್ಲಿ ಅಡಗಿ ಕೂರುತ್ತದೆ.

ಕೊನೆಯದಾಗಿ ಆಂಟಿಬಯಾಟಿಕ್. ಇಲ್ಲಿಯವರೆಗೆ ಹೇಳಿದ್ದೆಲ್ಲ ಒಟ್ಟಾಗಿ ಕೆಲಸ ಮಾಡುವುದು ಇಲ್ಲೇ. 2016ರಲ್ಲಿ ರಾಯ್ ಕಿಶೋನಿಯ ತಂಡ 60 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದದ, ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಎಂಬ ಜೆಲ್ಲಿ ತುಂಬಿದ ತಟ್ಟೆ ಮಾಡಿತು. ಎರಡು ಅಂಚುಗಳಲ್ಲಿ ಔಷಧಿ ಇಲ್ಲ, ಒಳಗೆ ಹೋದಂತೆ ಪಟ್ಟಿ ಪಟ್ಟಿಯಾಗಿ ಪ್ರಮಾಣ ಹೆಚ್ಚು. ಅಂಚಿನಲ್ಲಿ ಬಿತ್ತಿದ ಬ್ಯಾಕ್ಟೀರಿಯಾ ಪ್ರತಿ ಗಡಿಯಲ್ಲಿ ನಿಲ್ಲುತ್ತದೆ, ಎಲ್ಲೋ ಒಂದು ಮ್ಯುಟೇಶನ್ ಆದ ಕೋಶ ಮುಂದೆ ನುಗ್ಗಿ ಬೀಸಣಿಗೆಯಂತೆ ಹರಡುತ್ತದೆ, ಮುಂದಿನ ಗಡಿಯಲ್ಲಿ ಮತ್ತೆ ನಿಲ್ಲುತ್ತದೆ. ಹನ್ನೆರಡು ದಿನದೊಳಗೆ ಅವು ಸಾವಿರ ಪಟ್ಟು ಹೆಚ್ಚಿನ ಔಷಧಿಯನ್ನೂ ದಾಟಿದವು. ನಡುವಿನ ಮೆಟ್ಟಿಲು ತೆಗೆದು ಸೊನ್ನೆಯ ಪಕ್ಕವೇ ಅತಿ ಹೆಚ್ಚಿನ ಪ್ರಮಾಣ ಇಟ್ಟಾಗ ಮಾತ್ರ ದಾಟಲು ಆಗಲಿಲ್ಲ. ಅರೆಬರೆ ಪ್ರಮಾಣದ ಔಷಧಿ ಏಕೆ ಅಪಾಯ ಎಂಬುದು ಇದರಲ್ಲಿ ಕಾಣುತ್ತದೆ: ಅದು ಮೆಟ್ಟಿಲು ಕಟ್ಟಿಕೊಡುತ್ತದೆ.

ಕ್ಷಯಕ್ಕೆ ಒಟ್ಟಿಗೆ ಹಲವು ಔಷಧಿ ಕೊಡುವುದರ ಹಿಂದೆಯೂ ಲೂರಿಯ–ಡೆಲ್‌ಬ್ರುಕ್ ಲೆಕ್ಕವೇ ಇದೆ. ಒಂದು ಔಷಧಿಗೆ ನಿರೋಧ 10 ಕೋಟಿಗೊಂದರಂತೆ ಹುಟ್ಟುತ್ತದೆ ಎಂದಿಟ್ಟುಕೊಳ್ಳಿ. ಶ್ವಾಸಕೋಶದ ಒಂದು ಕುಳಿಯಲ್ಲಿ 10 ಕೋಟಿಗೂ ಮಿಕ್ಕ ಬ್ಯಾಕ್ಟೀರಿಯಾ ಇರಬಹುದು, ಅಂದರೆ ಮೊದಲ ಮಾತ್ರೆ ನುಂಗುವ ಮೊದಲೇ ಒಂದಾದರೂ ನಿರೋಧಿ ಅಲ್ಲಿದೆ. ಎರಡು ಔಷಧಿಗೂ ಒಂದೇ ಕೋಶ ನಿರೋಧಿಯಾಗಿರಬೇಕಾದರೆ 10 ಕೋಟಿಯನ್ನು 10 ಕೋಟಿಯಿಂದ ಗುಣಿಸಬೇಕು. ಅಷ್ಟು ಬ್ಯಾಕ್ಟೀರಿಯಾ ಯಾವ ದೇಹದಲ್ಲೂ ಇಲ್ಲ. ಅದಕ್ಕೇ ಪ್ರಮಾಣಿತ ಚಿಕಿತ್ಸೆ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಇಥಾಂಬ್ಯುಟಾಲ್ ನಾಲ್ಕನ್ನೂ ಎರಡು ತಿಂಗಳು ಕೊಟ್ಟು ಆಮೇಲೆ ನಾಲ್ಕು ತಿಂಗಳು ಮುಂದುವರಿಯುತ್ತದೆ. ರೋಗಿ ನಡುವೆ ಒಂದೇ ಔಷಧಿ ತೆಗೆದುಕೊಂಡರೆ, ಅಥವಾ ಈಗಾಗಲೇ ಸೋಲುತ್ತಿರುವ ಚಿಕಿತ್ಸೆಗೆ ಇನ್ನೊಂದೇ ಒಂದು ಔಷಧಿ ಸೇರಿಸಿದರೆ, ಆ ಗುಣಾಕಾರ ಮುರಿದು ಮತ್ತೆ ಮೆಟ್ಟಿಲಾಗುತ್ತದೆ.

ನಿರೋಧಕ್ಕೂ ಬೆಲೆ ಇದೆಯಲ್ಲ, ಔಷಧಿ ನಿಲ್ಲಿಸಿಬಿಟ್ಟರೆ ನಿರೋಧವಿಲ್ಲದವೇ ಗೆದ್ದು ಎಲ್ಲ ಹಿಂದಿನಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯಾಟಿಕ್ ಬ್ಯಾಕ್ಟೀರಿಯಾದ ರೈಬೋಸೋಮಿಗೆ, ಅಂದರೆ ಪ್ರೋಟೀನ್ ತಯಾರಿಸುವ ಯಂತ್ರಕ್ಕೆ, ಅಂಟಿ ಕೆಲಸ ಮಾಡುತ್ತದೆ. ನಿರೋಧ ಕೊಡುವ ಮ್ಯುಟೇಶನ್ ಆ ರೈಬೋಸೋಮಿನ ಒಂದು ಪ್ರೋಟೀನನ್ನು ಬದಲಿಸುತ್ತದೆ, ಹಾಗಾಗಿ ಪ್ರೋಟೀನ್ ತಯಾರಿಕೆ ನಿಧಾನವಾಗಿ ಕೋಶ ಕುಂಟುತ್ತದೆ. 1990ರ ದಶಕದಲ್ಲಿ ಸ್ಟೆಫನಿ ಶ್ರಾಗ್ ಮತ್ತು ಜೊತೆಗಾರರು ಇಂಥ ನಿರೋಧಿ ಇ. ಕೋಲಿಯನ್ನು ಔಷಧಿಯೇ ಇಲ್ಲದ ದ್ರವದಲ್ಲಿ ಬೆಳೆಸಿದರು. ಅವು ನಿರೋಧವನ್ನು ಬಿಟ್ಟುಕೊಡಲಿಲ್ಲ. ಹಳೆಯ ಅಕ್ಷರಕ್ಕೇ ಮರಳಲು ಇರುವುದು ಒಂದೇ ದಾರಿ, ಕುಂಟನ್ನು ಸರಿಪಡಿಸುವ ಬೇರೆ ಮ್ಯುಟೇಶನ್‌ಗಳಿಗೆ ಹಲವು ದಾರಿಗಳಿವೆ, ಆದ್ದರಿಂದ ಅವೇ ಮೊದಲು ಬಂದವು. ಈ ಸರಿಪಡಿಸಿಕೊಂಡ ಕೋಶಕ್ಕೆ ಅವರು ಔಷಧಿಗೆ ಮಣಿಯುವ ಹಳೆಯ ಜೀನನ್ನು ಮತ್ತೆ ಹಾಕಿ ನೋಡಿದರು. ಔಷಧಿ ಇಲ್ಲದ ದ್ರವದಲ್ಲಿಯೂ ಅದು ನಿರೋಧಿ ತಳಿಗಿಂತ ಕೆಟ್ಟದಾಗಿ ಬೆಳೆಯಿತು.